ಜಕಾರ್ಡನ ರಟ್ಟು ಮತ್ತು ಮೋಡದೊಳಗಿನ ಯಂತ್ರ

ಕಳೆದ ಮಳೆಗಾಲದ ಒಂದು ರಾತ್ರಿ ಊಟವಾದ ಮೇಲೆ ನನ್ನ ಮಗಳು ಕಚೇರಿಯ ಕೆಲಸವನ್ನು ಮನೆಯ ಮೇಜಿನ ಮೇಲೆಯೇ ಹರಡಿಕೊಂಡು ಕುಳಿತಿದ್ದಳು. ಅವಳ ಲ್ಯಾಪ್‌ಟಾಪಿನ ಪರದೆ ಕಪ್ಪಗಿತ್ತು. ಅದರಲ್ಲಿ ಚಿತ್ರಗಳಿರಲಿಲ್ಲ, ಒತ್ತುವ ಗುಂಡಿಗಳಿರಲಿಲ್ಲ. ಬಿಳಿಯ ಅಕ್ಷರಗಳ ಕೆಲವು ಸಾಲುಗಳಷ್ಟೇ ಇದ್ದವು. ಮೂರು ದಶಕಕ್ಕೂ ಹೆಚ್ಚು ಕಾಲ ಕಡತಗಳ ನಡುವೆ ಬದುಕಿದ ನನಗೆ ಬರಿಯ ಅಕ್ಷರಗಳಿಂದ ಆಡಳಿತ ನಡೆಯುವುದು ಹೊಸದಲ್ಲ. ಆದರೂ ಕುತೂಹಲದಿಂದ ಏನು ನಡೆದಿದೆ ಎಂದು ವಿಚಾರಿಸಿದೆ. ಒಂದು ಯಂತ್ರದಿಂದ ಅಚ್ಚು ತೆಗೆಯುತ್ತಿರುವುದಾಗಿ ಹೇಳಿದಳು.

ಯಂತ್ರವೆಂದರೆ ಕಬ್ಬಿಣದ್ದಲ್ಲ. ಎಲ್ಲೋ ದೂರದ ದತ್ತಾಂಶ ಕೇಂದ್ರದ ದೊಡ್ಡ ಕಂಪ್ಯೂಟರೊಂದರ ಒಳಗೆ, ತಾನೊಂದು ಪ್ರತ್ಯೇಕ ಕಂಪ್ಯೂಟರ್ ಎಂಬಂತೆ ನಡೆದುಕೊಳ್ಳುವ ವರ್ಚುವಲ್ ಯಂತ್ರ. ಅಂಥದೊಂದನ್ನು ಆಕೆ ಎರಡು ದಿನ ಕುಳಿತು ಸಿದ್ಧಪಡಿಸಿದ್ದಳು. ಬೇಕಾದ ತಂತ್ರಾಂಶಗಳನ್ನು ಹಾಕಿದ್ದಳು, ಸುರಕ್ಷತೆಯ ತಿದ್ದುಪಡಿಗಳನ್ನು ಸೇರಿಸಿದ್ದಳು. ಈಗ ಅಂಥವೇ ಇಪ್ಪತ್ತು ಯಂತ್ರಗಳು ಬೇಕು. ಇಪ್ಪತ್ತನ್ನೂ ಒಂದೊಂದಾಗಿ ಕೈಯಿಂದ ಕಟ್ಟುವುದು ವ್ಯರ್ಥ ಶ್ರಮ. ಆದುದರಿಂದ ಮೊದಲು ಆ ಯಂತ್ರದೊಳಗೆ ಹೋಗಿ, ಅದಕ್ಕೆ ಸ್ವಂತವಾದದ್ದನ್ನೆಲ್ಲ ಅಳಿಸಬೇಕು: ಅದರ ಹೆಸರು, ಅದರ ಗುಪ್ತ ಕೀಲಿಗಳು, ಅದರ ಬಳಕೆದಾರನ ಖಾತೆ. ಬಳಿಕ ಹೊರಗೆ ಬಂದು ಮೂರು ಆಜ್ಞೆಗಳನ್ನು ಟೈಪಿಸಬೇಕು. ಮೊದಲನೆಯದು ಯಂತ್ರವನ್ನು ನಿಲ್ಲಿಸಿ, ಅದು ಹಿಡಿದಿದ್ದ ಜಾಗವನ್ನು ಬಿಡಿಸುತ್ತದೆ. ಎರಡನೆಯದು ಅದು ಇನ್ನು ಯಾವುದೋ ಒಂದು ಯಂತ್ರವಲ್ಲ, ಸಾಮಾನ್ಯ ರೂಪ ಎಂದು ಗುರುತು ಹಾಕುತ್ತದೆ. ಮೂರನೆಯದು ಅದರ ಪಡಿಯಚ್ಚನ್ನು ತೆಗೆದಿಡುತ್ತದೆ. ಆಮೇಲೆ ಒಂದೇ ಸಾಲಿನ ಆಜ್ಞೆಗೆ ಎಷ್ಟು ಬೇಕೋ ಅಷ್ಟು ಯಂತ್ರಗಳು ಹುಟ್ಟುತ್ತವೆ. ಪ್ರತಿಯೊಂದಕ್ಕೂ ಹುಟ್ಟುವಾಗಲೇ ಹೊಸ ಹೆಸರು, ಹೊಸ ಕೀಲಿ.

ಆಕೆ ಬಳಸುತ್ತಿದ್ದುದು ಮೈಕ್ರೋಸಾಫ್ಟಿನ ಅಜೂರ್ ಎಂಬ ಸೇವೆ. ಅಲ್ಲಿನ ಒಂದು ನಿಯಮ ನನ್ನ ಮನಸ್ಸಿನಲ್ಲಿ ಉಳಿಯಿತು. ಸಾಮಾನ್ಯ ರೂಪವೆಂದು ಒಮ್ಮೆ ಗುರುತು ಹಾಕಿದ ಮೂಲ ಯಂತ್ರವನ್ನು ಮತ್ತೆ ಚಾಲೂ ಮಾಡುವಂತಿಲ್ಲ. ಅಚ್ಚಾಗಬೇಕಾದರೆ ಅದು ಯಂತ್ರವಾಗಿರುವುದನ್ನು ಬಿಡಬೇಕು.

ಇದೆಲ್ಲ ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆ. ಮಗ್ಗದ ನೆತ್ತಿಯ ಮೇಲಿನ ಪೆಟ್ಟಿಗೆಯಿಂದ ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆ ಇಳಿಬಿದ್ದಿರುತ್ತದೆ. ಅದು ಒಂದೊಂದೇ ಕಾರ್ಡಾಗಿ ಸರಿಯುತ್ತ ಹೋದಂತೆ ಕೆಳಗೆ ಸೀರೆಯ ಅಂಚಿನಲ್ಲಿ ಹೂವು ಮೂಡುತ್ತದೆ. ಈಚೆಗೆ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಬಂದು ರಟ್ಟು ಕಾಣೆಯಾಗುತ್ತಿದೆಯಾದರೂ ನಮ್ಮ ನೇಕಾರರು ಅದನ್ನು ಕರೆಯುವುದು ಜಕಾರ್ಡ್ ಎಂದೇ. ಅದು ಒಬ್ಬ ಮನುಷ್ಯನ ಹೆಸರೆಂಬುದು ಅವರಲ್ಲಿ ಬಹಳ ಮಂದಿಗೆ ತಿಳಿದಿರಲಾರದು. ವಸ್ತುವೊಂದಕ್ಕೆ ಹೆಸರಾಗಿ ಹೋಗುವುದು ಒಂದು ಬಗೆಯ ಅಮರತ್ವ. ಒಂದು ಬಗೆಯ ವಿಸ್ಮೃತಿಯೂ ಹೌದು.

ಜೋಸೆಫ್ ಮರಿ ಜಕಾರ್ಡ್ ಹುಟ್ಟಿದ್ದು 1752ರ ಜುಲೈ 7ರಂದು, ಫ್ರಾನ್ಸಿನ ರೇಷ್ಮೆ ನಗರವಾದ ಲಿಯಾನ್‌ನಲ್ಲಿ. ಮನೆತನದ ನಿಜವಾದ ಹೆಸರು ಚಾರ್ಲ್ಸ್. ಜಕಾರ್ಡ್ ಎಂಬುದು ಆ ಕವಲಿಗೆ ಅಂಟಿಕೊಂಡ ಅಡ್ಡಹೆಸರು. ತಂದೆ ಜರಿ ಬಟ್ಟೆಗಳನ್ನು ನೇಯಿಸುತ್ತಿದ್ದ ಮಾಸ್ಟರ್ ನೇಕಾರ. ಹತ್ತರ ವಯಸ್ಸಿನಲ್ಲಿ ಹುಡುಗ ತಾಯಿಯನ್ನು ಕಳೆದುಕೊಂಡ. ಶಾಲೆಯ ಮುಖ ಕಾಣಲಿಲ್ಲ. ಪುಸ್ತಕ ಮುದ್ರಣ ಮತ್ತು ಮಾರಾಟದ ಕಸುಬಿನಲ್ಲಿದ್ದ ಅಕ್ಕನ ಗಂಡ ಓದು ಕಲಿಸಿದಾಗ ಅವನಿಗೆ ಹದಿಮೂರು ವರ್ಷ.

ಅಂದಿನ ಲಿಯಾನಿನಲ್ಲಿ ಹೂಬಳ್ಳಿಯ ರೇಷ್ಮೆ ನೇಯಲು ಒಬ್ಬ ನೇಕಾರ ಸಾಲುತ್ತಿರಲಿಲ್ಲ. ವಿನ್ಯಾಸದ ಪ್ರತಿಯೊಂದು ಸಾಲಿಗೂ ಹಾಸಿನ ಯಾವ ಎಳೆಗಳು ಮೇಲೇಳಬೇಕೆಂಬ ಲೆಕ್ಕವಿರುತ್ತದೆ. ಆ ಎಳೆಗಳಿಗೆ ಕಟ್ಟಿದ ಹಗ್ಗಗಳನ್ನು ಸರಿಯಾದ ಕ್ರಮದಲ್ಲಿ ಜಗ್ಗಿ ಹಿಡಿಯಲು ಮಗ್ಗದ ಪಕ್ಕದಲ್ಲಿ ಒಬ್ಬ ಸಹಾಯಕ ಬೇಕು. ಆ ಕೆಲಸ ಬಹುಪಾಲು ಮಕ್ಕಳ ಪಾಲಿಗೆ, ಹೆಣ್ಣುಮಕ್ಕಳ ಪಾಲಿಗೆ ಬರುತ್ತಿತ್ತು. ಹೊಕ್ಕಿನ ಲಾಳಿ ಒಮ್ಮೆ ಹಾಯಲು ಒಮ್ಮೆ ಜಗ್ಗಬೇಕು. ದಿನವಿಡೀ ಹಾಗೆಯೇ. ತೂಕದ ಹಗ್ಗ ಎಳೆದೆಳೆದು ಎಳೆಯ ಮೈಗಳು ವಕ್ರವಾಗುತ್ತಿದ್ದವು. ನೇಕಾರರ ಕೇರಿಯಲ್ಲಿ ಬೆಳೆದ ಹುಡುಗ ಇದನ್ನು ಕಾಣದೆ ಇದ್ದಿರಲಾರ.

1772ರಲ್ಲಿ ತಂದೆ ತೀರಿಕೊಂಡಾಗ ಮನೆ, ಮಗ್ಗಗಳು, ಊರ ಹೊರಗಿನ ಒಂದು ದ್ರಾಕ್ಷಿ ತೋಟ ಮಗನ ಕೈಸೇರಿದವು. ಆಸ್ತಿ ಬಂದವನಿಗೆ ಅದನ್ನು ಉಳಿಸಿಕೊಳ್ಳುವ ಬಗೆ ಬರಲಿಲ್ಲ. 1778ರಲ್ಲಿ ಕ್ಲೋದಿನ್ ಬುವಾಶೋನ್ ಎಂಬ ವಿಧವೆಯನ್ನು ಮದುವೆಯಾದ. ಮರುವರ್ಷ ಒಬ್ಬನೇ ಮಗ ಹುಟ್ಟಿದ. ಸಾಲ ಏರಿತು. ಪಿತ್ರಾರ್ಜಿತವೂ ಕರಗಿತು, ಹೆಂಡತಿಯ ಸ್ವತ್ತೂ ಕರಗಿತು. ನಲವತ್ತರ ಹೊತ್ತಿಗೆ ಜಕಾರ್ಡನ ಬಳಿ ತೋರಿಸಿಕೊಳ್ಳಲು ಏನೂ ಇರಲಿಲ್ಲ.

ಅಷ್ಟರಲ್ಲಿ ಕ್ರಾಂತಿಯ ಬಿರುಗಾಳಿ ಬಂತು. 1793ರಲ್ಲಿ ಲಿಯಾನ್ ನಗರ ಪ್ಯಾರಿಸಿನ ಕ್ರಾಂತಿ ಸರ್ಕಾರದ ವಿರುದ್ಧ ದಂಗೆಯೆದ್ದಿತು. ಜಕಾರ್ಡ್ ತನ್ನ ಹದಿಹರೆಯದ ಮಗನೊಡನೆ ನಗರದ ಪರವಾಗಿ ನಿಂತ. ನಗರ ಸೋತಾಗ ತಂದೆ ಮಗ ಇಬ್ಬರೂ ತಲೆತಪ್ಪಿಸಿಕೊಂಡು, ಯಾರ ವಿರುದ್ಧ ಹೋರಾಡಿದ್ದರೋ ಅದೇ ಗಣರಾಜ್ಯದ ಸೈನ್ಯಕ್ಕೆ ಸೇರಿಕೊಂಡರು. ಮಗ ಯುದ್ಧದಲ್ಲಿ ಮಡಿದ. ತಂದೆಯೊಬ್ಬನೇ ಊರಿಗೆ ಮರಳಿದ. ಮುಂದೆ ಆತನ ಯಂತ್ರ ಲೋಕದ ತುಂಬ ಸಾವಿರಾರು ಪ್ರತಿಗಳಾಗಿ ಹಬ್ಬಿತು. ಆದರೆ ವಂಶ ಅಲ್ಲಿಗೆ ನಿಂತಿತು.

ಸಾಮಾನ್ಯವಾಗಿ ಮನುಷ್ಯರು ದಣಿಯುವ ವಯಸ್ಸಿನಲ್ಲಿ ಜಕಾರ್ಡನ ನಿಜವಾದ ಬದುಕು ಪ್ರಾರಂಭವಾಯಿತು. 1800ರಲ್ಲಿ, ನಲವತ್ತೆಂಟರ ಪ್ರಾಯದಲ್ಲಿ, ಕಾಲಿನಿಂದ ತುಳಿಯುವ ಸುಧಾರಿತ ಮಗ್ಗವೊಂದಕ್ಕೆ ಹಕ್ಕುಪತ್ರ ಪಡೆದ. 1801ರ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ಕಂಚಿನ ಪದಕ ದೊರೆಯಿತು. ಮೀನಿನ ಬಲೆ ಹೆಣೆಯುವ ಯಂತ್ರವೊಂದನ್ನು ಕಟ್ಟಿದ ಮೇಲೆ ಪ್ಯಾರಿಸಿನ ಕಲೆ ಮತ್ತು ಕಸುಬುಗಳ ಸಂಗ್ರಹಾಲಯದಲ್ಲಿ ಕೆಲಸ ಮಾಡುವ ಅವಕಾಶ ಬಂತು. ಅಲ್ಲಿ ಮೂಲೆ ಸೇರಿದ್ದ ಹಳೆಯ ಮಗ್ಗವೊಂದು ಆತನ ಕಣ್ಣಿಗೆ ಬಿತ್ತು.

ಆ ಮಗ್ಗವನ್ನು 1745ರ ಸುಮಾರಿಗೆ ಕಟ್ಟಿದವನು ವೋಕಾನ್ಸನ್. ಯಂತ್ರದ ಬಾತುಕೋಳಿಯನ್ನು ಮಾಡಿ ರಾಜರನ್ನು ಬೆರಗುಗೊಳಿಸಿದ್ದ ಕುಶಲಿ. ಅವನಿಗೂ ಮೊದಲು, 1725ರಲ್ಲಿ ಬೂಶೋನ್ ಎಂಬ ಲಿಯಾನಿನವನು ತೂತಿನ ಕಾಗದದ ಸುರುಳಿಯಿಂದ ಎಳೆಗಳನ್ನು ಆರಿಸುವ ಉಪಾಯ ಹೂಡಿದ್ದ. 1728ರಲ್ಲಿ ಫಾಲ್ಕೋನ್ ಕಾಗದದ ಬದಲು ಒಂದಕ್ಕೊಂದು ಹೊಲಿದ ರಟ್ಟುಗಳನ್ನು ತಂದಿದ್ದ. ಇವರ ಯಂತ್ರಗಳಿಗೆ ಇನ್ನೊಬ್ಬ ಆಳಿನ ಕೈ ಬೇಕಿತ್ತು. ವೋಕಾನ್ಸನ್‌ನ ಯಂತ್ರ ತಾನಾಗಿಯೇ ನಡೆಯುತ್ತಿತ್ತು, ಆದರೆ ದೊಡ್ಡ ವಿನ್ಯಾಸಗಳಿಗೆ ಒದಗುತ್ತಿರಲಿಲ್ಲ. ಜಕಾರ್ಡ್ ಒಬ್ಬನ ರಟ್ಟನ್ನೂ ಇನ್ನೊಬ್ಬನ ಸ್ವಯಂಚಾಲನೆಯನ್ನೂ ಕೂಡಿಸಿದ. ಇದನ್ನು ಹೇಳುವುದರಿಂದ ಆತನ ಹಿರಿಮೆ ಕುಂದುವುದಿಲ್ಲ. ಮೂರು ಜನರ ಅರ್ಧ ಯಶಸ್ಸುಗಳನ್ನು ಸೇರಿಸಿ ಒಂದು ಪೂರ್ಣ ಯಶಸ್ಸು ಮಾಡುವುದು ಸಣ್ಣ ಕೆಲಸವಲ್ಲ.

1804ರಲ್ಲಿ ಊರಿಗೆ ಮರಳಿ ಆತ ನಿಲ್ಲಿಸಿದ ಯಂತ್ರದ ತತ್ತ್ವ ಬಹಳ ಸರಳ. ಲಾಳಿಯ ಒಂದು ಓಟಕ್ಕೆ ಒಂದು ರಟ್ಟು. ರಟ್ಟು ಬಂದು ಸೂಜಿಗಳ ಸಾಲಿಗೆ ಒತ್ತುತ್ತದೆ. ತೂತಿರುವಲ್ಲಿ ಸೂಜಿ ಒಳಕ್ಕೆ ನುಗ್ಗುತ್ತದೆ. ಅದಕ್ಕೆ ಸೇರಿದ ಕೊಕ್ಕೆ ಇದ್ದಲ್ಲೇ ಉಳಿದು, ಮೇಲೇಳುವ ಪಟ್ಟಿಗೆ ಸಿಕ್ಕಿ, ತನ್ನ ಎಳೆಯನ್ನು ಎತ್ತುತ್ತದೆ. ತೂತಿಲ್ಲದಲ್ಲಿ ಸೂಜಿ ಹಿಂದಕ್ಕೆ ತಳ್ಳಲ್ಪಡುತ್ತದೆ. ಕೊಕ್ಕೆ ತಪ್ಪುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಉಂಟು ಅಥವಾ ಇಲ್ಲ, ಇಷ್ಟೇ ಭಾಷೆ. ಆ ಎರಡು ಪದಗಳಲ್ಲಿ ಗುಲಾಬಿಯನ್ನೂ ಬರೆಯಬಹುದು, ನವಿಲನ್ನೂ ಬರೆಯಬಹುದು. ವಿನ್ಯಾಸ ಈಗ ನೇಕಾರನ ಕೈಯಲ್ಲಾಗಲಿ, ಹಗ್ಗ ಜಗ್ಗುವ ಮಗುವಿನ ನೆನಪಿನಲ್ಲಾಗಲಿ ಇರಲಿಲ್ಲ. ಅದನ್ನು ಬಿಚ್ಚಿ, ಗಂಟು ಕಟ್ಟಿ, ಇನ್ನೊಂದು ಮಗ್ಗಕ್ಕೆ ಸಾಗಿಸಬಹುದಿತ್ತು. ಮಗ್ಗ ಬೇರೆಯಾದರೂ ಬಟ್ಟೆ ಅದೇ. ನನ್ನ ಮಗಳು ಆ ರಾತ್ರಿ ಮಾಡುತ್ತಿದ್ದುದು ಮೂಲದಲ್ಲಿ ಇದನ್ನೇ.

1805ರ ಏಪ್ರಿಲ್‌ನಲ್ಲಿ ನೆಪೋಲಿಯನ್ ಪತ್ನಿಯೊಡನೆ ಲಿಯಾನ್‌ಗೆ ಬಂದು ಈ ಮಗ್ಗವನ್ನು ನೋಡಿದ. ಮೂರು ದಿನಗಳ ನಂತರ ಹೊರಟ ಆದೇಶ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಂದಿಗೂ ಕುತೂಹಲಕರ. ಯಂತ್ರದ ಹಕ್ಕು ಯಾವ ಒಬ್ಬ ವರ್ತಕನಿಗೂ ಹೋಗಲಿಲ್ಲ, ನಗರಕ್ಕೆ ಸೇರಿತು. ಜಕಾರ್ಡನಿಗೆ ಜೀವಮಾನವಿಡೀ ವರ್ಷಕ್ಕೆ 3,000 ಫ್ರಾಂಕ್ ಪಿಂಚಣಿ. ಅದರ ಜೊತೆಗೆ 1811ರವರೆಗೆ ಬಳಕೆಗೆ ಬರುವ ಪ್ರತಿ ಮಗ್ಗಕ್ಕೂ 50 ಫ್ರಾಂಕ್ ಗೌರವಧನ. ಆವಿಷ್ಕಾರ ಸಾರ್ವಜನಿಕ ಸ್ವತ್ತಾಯಿತು, ಆವಿಷ್ಕಾರಕ ಉಪವಾಸ ಬೀಳಲಿಲ್ಲ. ಪೇಟೆಂಟುಗಳ ಬಗ್ಗೆ ಇಂದು ನಡೆಯುವ ವಾಗ್ವಾದಗಳಿಗೆ ಇನ್ನೂರು ವರ್ಷಗಳ ಹಿಂದೆಯೇ ಒಂದು ಒಳ್ಳೆಯ ಮಾದರಿ ಸಿಕ್ಕಿತ್ತು.

ಆದರೆ ಆದೇಶದಲ್ಲಿ ಒಂದು ಕಲಮು ಇರಲಿಲ್ಲ. ಹಗ್ಗ ಜಗ್ಗುತ್ತಿದ್ದವರ ಬಗ್ಗೆ ಅದು ಏನನ್ನೂ ಹೇಳಲಿಲ್ಲ. ನೇಕಾರರ ಕೇರಿಗಳಲ್ಲಿ ಹೊಸ ಯಂತ್ರದ ಬಗ್ಗೆ ಭಯ ಹುಟ್ಟಿತು, ಪ್ರತಿಭಟನೆ ಎದ್ದಿತು. ಮಗ್ಗವನ್ನು ಮುರಿದು ಸುಟ್ಟರೆಂದೂ ಜಕಾರ್ಡನ ಜೀವಕ್ಕೇ ಸಂಚಕಾರ ಬಂದಿತ್ತೆಂದೂ ಲಿಯಾನಿನಲ್ಲಿ ಕಥೆಗಳು ಬೆಳೆದವು. ಅವುಗಳಲ್ಲಿ ಉತ್ಪ್ರೇಕ್ಷೆ ಎಷ್ಟೇ ಇರಲಿ, ದಿನಗೂಲಿ ಕಳೆದುಕೊಂಡವನ ಸಂಕಟ ಉತ್ಪ್ರೇಕ್ಷೆಯಲ್ಲ.

ಮೊದಲ ಯಂತ್ರಗಳಲ್ಲಿ ದೋಷಗಳಿದ್ದವು. ಬ್ರೆತೋನ್ ಎಂಬ ಕುಶಲಿ 1817ರ ಹೊತ್ತಿಗೆ ಅವುಗಳನ್ನು ತಿದ್ದಿದ ಮೇಲೆ ಜಕಾರ್ಡ್ ಮಗ್ಗ ಎಲ್ಲೆಡೆ ಹಬ್ಬಿತು. ಆ ಎತ್ತರದ ಯಂತ್ರ ಹಿಡಿಸಲೆಂದೇ ಲಿಯಾನಿನ ಕ್ರ್ವಾ ರೂಸ್ ಗುಡ್ಡದ ಮೇಲೆ ಸುಮಾರು ನಾಲ್ಕು ಮೀಟರ್ ಎತ್ತರದ ಮಾಳಿಗೆಗಳುಳ್ಳ ಮನೆಗಳು ಎದ್ದವು. 1819ರಲ್ಲಿ ಸರ್ಕಾರ ಜಕಾರ್ಡನಿಗೆ ಲೀಜನ್ ಆಫ್ ಆನರ್ ಪ್ರಶಸ್ತಿ ನೀಡಿತು. ಆತ ಉಲ್ಲಾಂ ಎಂಬ ಸಮೀಪದ ಹಳ್ಳಿಯಲ್ಲಿ ನೆಲೆಸಿ ಪಿಂಚಣಿದಾರನ ಶಾಂತ ಬದುಕು ಬದುಕಿದ. ಅವನ ಕೊನೆಯ ವರ್ಷಗಳಲ್ಲಿ ನಗರ ಶಾಂತವಾಗಿರಲಿಲ್ಲ. 1831ರ ನವೆಂಬರಿನಲ್ಲಿ, ಒಪ್ಪಿಕೊಂಡ ಕನಿಷ್ಠ ಮಜೂರಿಯನ್ನು ವರ್ತಕರು ಕೊಡಲೊಲ್ಲದೆ ಹೋದಾಗ, ಅದೇ ಗುಡ್ಡದ ನೇಕಾರರು ಬೀದಿಗಿಳಿದರು. 1834ರ ಏಪ್ರಿಲ್‌ನಲ್ಲಿ ಮತ್ತೆ ಎದ್ದ ದಂಗೆಯನ್ನು ಸೈನ್ಯ ರಕ್ತ ಹರಿಸಿ ಅಡಗಿಸಿತು. ಅವರು ಯಂತ್ರ ಮುರಿಯಲು ಹೊರಟವರಲ್ಲ. ಯಂತ್ರದ ಲಾಭದಲ್ಲಿ ನ್ಯಾಯದ ಪಾಲು ಕೇಳಿದವರು. ಆ ದಂಗೆಯಾದ ನಾಲ್ಕು ತಿಂಗಳಿಗೆ, 1834ರ ಆಗಸ್ಟ್ 7ರಂದು, ಎಂಬತ್ತೆರಡರ ವಯಸ್ಸಿನಲ್ಲಿ ಜಕಾರ್ಡ್ ತೀರಿಕೊಂಡ. 1840ರಲ್ಲಿ ನಗರ ಆತನ ಪ್ರತಿಮೆ ನಿಲ್ಲಿಸಿತು. ಈಗ ಅದು ಕ್ರ್ವಾ ರೂಸ್‌ನ ಚೌಕದಲ್ಲಿ, ನೇಕಾರರ ಆ ಗುಡ್ಡದ ಮೇಲೆಯೇ ಇದೆ.

ರಟ್ಟಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1839ರಲ್ಲಿ ಲಿಯಾನಿನಲ್ಲಿ ಜಕಾರ್ಡನ ಭಾವಚಿತ್ರವೊಂದನ್ನು ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಬೇಕಾದ ರಟ್ಟುಗಳು 24,000. ಅದರ ಒಂದು ಪ್ರತಿ ಲಂಡನ್ನಿನ ಚಾರ್ಲ್ಸ್ ಬ್ಯಾಬೇಜನ ಮನೆ ಸೇರಿತು. ನೋಡಿದವರು ಅದನ್ನು ಕೆತ್ತನೆಯ ಮುದ್ರಣವೆಂದೇ ಭ್ರಮಿಸುತ್ತಿದ್ದರಂತೆ. ಬ್ಯಾಬೇಜ್ ತನ್ನ ವಿಶ್ಲೇಷಕ ಯಂತ್ರಕ್ಕೆ ಆಜ್ಞೆ ಕೊಡಲು ಇದೇ ರಟ್ಟುಗಳನ್ನು ಆರಿಸಿಕೊಂಡ. ಯಂತ್ರ ಪೂರ್ಣವಾಗಲಿಲ್ಲ, ಆದರೆ 1843ರಲ್ಲಿ ಅದರ ಬಗ್ಗೆ ಟಿಪ್ಪಣಿ ಬರೆದ ಏಡಾ ಲವ್‌ಲೇಸ್ ಜಕಾರ್ಡನ ಮಗ್ಗದ ಹೂವುಗಳಿಗೂ ಬೀಜಗಣಿತದ ವಿನ್ಯಾಸಗಳಿಗೂ ಇರುವ ನೆಂಟಸ್ತಿಕೆಯನ್ನು ಗುರುತಿಸಿದಳು. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲರಿತ್ ತೂತಿನ ಕಾರ್ಡುಗಳಿಂದ ಎಣಿಸಿದ. ಆತನ ಕಂಪನಿ ಬೇರೆ ಕಂಪನಿಗಳೊಡನೆ ಸೇರಿ ಬೆಳೆದು 1924ರಲ್ಲಿ ಐಬಿಎಂ ಎಂಬ ಹೆಸರು ತಳೆಯಿತು. ಅದೇ ಐಬಿಎಂ 1960ರ ದಶಕದಲ್ಲಿ ಒಂದು ಕಂಪ್ಯೂಟರಿನೊಳಗೆ ಹಲವು ವರ್ಚುವಲ್ ಯಂತ್ರಗಳನ್ನು ನಡೆಸಲು ಕಲಿತು, 1972ರಲ್ಲಿ ಆ ವ್ಯವಸ್ಥೆಯನ್ನು ಗ್ರಾಹಕರ ಮುಂದಿಟ್ಟಿತು. ಆ ವರ್ಚುವಲ್ ಯಂತ್ರಗಳಿಗೆ ವರ್ಚುವಲ್ ಕಾರ್ಡ್ ಓದುಗವೂ ಇತ್ತು, ಕಾರ್ಡಿಗೆ ತೂತು ಹೊಡೆಯುವ ವರ್ಚುವಲ್ ಪಂಚ್ ಕೂಡ ಇತ್ತು. ಮಗ್ಗ ಹೋಗಿ, ರಟ್ಟು ಹೋಗಿ, ಕೊನೆಗೆ ತೂತಿನ ನೆರಳೂ ಯಂತ್ರದೊಳಗೆ ಉಳಿದಿತ್ತು.

ಅಚ್ಚಿಗೆ ಒಂದು ಗುಣವಿದೆ, ಅದೇ ಅದರ ದೋಷವೂ ಹೌದು. ರಟ್ಟಿನಲ್ಲಿ ಒಂದು ತೂತು ತಪ್ಪಿದರೆ ಆ ತಪ್ಪು ಪ್ರತಿ ಸೀರೆಯಲ್ಲೂ ಬರುತ್ತದೆ. ಪಡಿಯಚ್ಚಿನಲ್ಲಿ ಒಂದು ಗುಪ್ತಪದ ಮರೆತು ಉಳಿದರೆ ಇಪ್ಪತ್ತು ಯಂತ್ರಗಳಲ್ಲೂ ಅದು ಇರುತ್ತದೆ. ಸರ್ಕಾರಿ ಕಚೇರಿಯಲ್ಲಿ ಬೆಳೆದವನಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಅಚ್ಚಿಗೆ ನಮೂನೆ ಎಂಬ ಹೆಸರಿತ್ತು. ಯಾರೋ ಬರೆದ ಮಂಜೂರಾತಿ ಆದೇಶದ ನಮೂನೆಯನ್ನು ಎಲ್ಲರೂ ನಕಲು ಮಾಡುತ್ತಿದ್ದೆವು. ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ನಾನೂ ಕೇಳಲಿಲ್ಲ. 1990ರ ದಶಕದಲ್ಲಿ ನೇಕಾರರೇ ಹೆಚ್ಚಾಗಿದ್ದ ತಾಲ್ಲೂಕೊಂದರಲ್ಲಿ ಕೈಮಗ್ಗಗಳಿಗೆ ಜಕಾರ್ಡ್ ಪೆಟ್ಟಿಗೆ ಕೊಳ್ಳಲು ಸಹಾಯಧನ ನೀಡುವ ಕಡತ ನನ್ನ ಮುಂದೆ ಬಂದಿತ್ತು. ಆಳಿನ ಖರ್ಚು ಉಳಿಯುತ್ತದೆ, ಉತ್ಪಾದನೆ ಏರುತ್ತದೆ ಎಂದು ಟಿಪ್ಪಣಿ ಬರೆದು ಸಹಿ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು. ಕೆಲವು ತಿಂಗಳ ಮೇಲೆ ತಪಾಸಣೆಗೆ ಹೋದಾಗ ಒಬ್ಬ ಹಿರಿಯ ನೇಕಾರರು ಸಂತೋಷದಿಂದ ಹೊಸ ಪೆಟ್ಟಿಗೆ ತೋರಿಸಿದರು. ಅಂಚಿನ ಎಳೆ ಎತ್ತಿಕೊಡಲು ಪಕ್ಕದಲ್ಲಿ ಕೂಡುತ್ತಿದ್ದ ಹುಡುಗನೊಬ್ಬನಿದ್ದ. ಅವನೆಲ್ಲಿ ಎಂದು ಕೇಳಿದೆ. ಶಾಲೆಗೆ ಹೋಗಿರಬಹುದೆಂಬ ಆಸೆ ನನಗಿತ್ತು. ಅವನು ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ಲೋಟ ತೊಳೆಯಲು ಹೋಗಿದ್ದಾನೆಂದು ತಿಳಿಯಿತು. ಮಗುವೊಂದು ಮಗ್ಗದ ಕೆಲಸದಿಂದ ಬಿಡುಗಡೆಯಾದದ್ದು ನಿಜ. ಆದರೆ ಬಿಡುಗಡೆಯಾದ ಮಗು ಎಲ್ಲಿಗೆ ಹೋಗಬೇಕೆಂಬುದಕ್ಕೆ ನನ್ನ ನಮೂನೆಯಲ್ಲಿ ಕಲಮು ಇರಲಿಲ್ಲ, ನೆಪೋಲಿಯನ್ನನ ಆದೇಶದಲ್ಲಿ ಇಲ್ಲದಿದ್ದಂತೆಯೇ. ಶಾಲೆಯೂ ಶಿಷ್ಯವೇತನವೂ ಬೇರೆ ಇಲಾಖೆಗಳ ವಿಷಯವಾಗಿದ್ದವು. ಒಂದು ಪತ್ರ ಬರೆಯಬಹುದಿತ್ತು. ಬರೆಯಲಿಲ್ಲ.

ಜಕಾರ್ಡನ ಸಮಕಾಲೀನನಾದ ಡೇವಿಡ್ ರಿಕಾರ್ಡೊನನ್ನು ನಾವು ಎಂಎ ತರಗತಿಯಲ್ಲಿ ಓದಿದ್ದೆವು. ಯಂತ್ರಗಳಿಂದ ಎಲ್ಲ ವರ್ಗಗಳಿಗೂ ಒಳಿತೆಂದು ಮೊದಲು ನಂಬಿದ್ದ ಆತ, 1821ರಲ್ಲಿ ತನ್ನ ಪ್ರಮುಖ ಗ್ರಂಥದ ಮೂರನೆಯ ಆವೃತ್ತಿಗೆ ಹೊಸ ಅಧ್ಯಾಯವೊಂದನ್ನು ಸೇರಿಸಿದ. ಯಂತ್ರ ಬಂದಾಗ ಕಾರ್ಮಿಕನಿಗೆ ಹಾನಿಯಾಗಬಹುದೆಂದು ಬಹಿರಂಗವಾಗಿ ಒಪ್ಪಿ, ತನ್ನ ಅಭಿಪ್ರಾಯವನ್ನು ತಿದ್ದಿಕೊಂಡ. ಯಂತ್ರ ಬೇಡವೆಂದು ಆತ ಹೇಳಲಿಲ್ಲ. ಯಂತ್ರವನ್ನು ತಡೆದರೆ ಬಂಡವಾಳ ಬೇರೆ ದೇಶಕ್ಕೆ ಹೋದೀತೆಂದೇ ಎಚ್ಚರಿಸಿದ. ಪರೀಕ್ಷೆಗೆ ಈ ಅಧ್ಯಾಯವನ್ನು ಓದಿ ಅಂಕ ಪಡೆದಿದ್ದೆ. ಕಡತದ ಮುಂದೆ ಕುಳಿತಾಗ ಅದು ನೆನಪಿಗೆ ಬರಲಿಲ್ಲ.

ಜಕಾರ್ಡ್ ಮಗ್ಗವಿಲ್ಲದೆ ಹೂವಿನ ಸೀರೆ ಇಷ್ಟು ಜನರ ಮೈಮೇಲೆ ಬರುತ್ತಿರಲಿಲ್ಲ. ಪಡಿಯಚ್ಚಿಲ್ಲದೆ ಇಂದಿನ ಬ್ಯಾಂಕು, ರೈಲು, ಆಸ್ಪತ್ರೆಗಳ ಗಣಕ ವ್ಯವಸ್ಥೆ ಇಷ್ಟು ವಿಸ್ತಾರವಾಗಿ ನಿಲ್ಲುತ್ತಿರಲಿಲ್ಲ. ನನ್ನ ತಕರಾರು ಯಂತ್ರದ ಮೇಲಲ್ಲ, ನಮೂನೆಯ ಮೇಲೆ. ಶ್ರಮ ಉಳಿಸುವ ಯಾವುದೇ ಯೋಜನೆಗೆ, ಅದು ಸರ್ಕಾರದ್ದಾಗಲಿ ಖಾಸಗಿಯವರದಾಗಲಿ, ಮಂಜೂರಾತಿ ನೀಡುವ ಪತ್ರದಲ್ಲಿ ಒಂದು ಕಲಮು ಕಡ್ಡಾಯವಾಗಿರಬೇಕು: ಉಳಿಯುವ ಶ್ರಮ ಯಾರದು, ಅವರು ಮುಂದೆ ಏನು ಮಾಡುತ್ತಾರೆ, ಅವರ ತರಬೇತಿಗೆ ಎಷ್ಟು ಹಣ ತೆಗೆದಿಡಲಾಗಿದೆ. ಪ್ರತಿ ಮಗ್ಗಕ್ಕೆ 50 ಫ್ರಾಂಕ್ ಆವಿಷ್ಕಾರಕನಿಗೆ ಕೊಡಬಲ್ಲ ವ್ಯವಸ್ಥೆ ಹಗ್ಗ ಜಗ್ಗಿದವರಿಗೂ ಒಂದಿಷ್ಟು ಕೊಡಬಹುದಿತ್ತು. ಅಚ್ಚಿನಲ್ಲಿ ಒಮ್ಮೆ ಸರಿಯಾದ ತೂತು ಬಿದ್ದರೆ ಅದೂ ಎಲ್ಲ ಪ್ರತಿಗಳಲ್ಲಿ ಮೂಡುತ್ತದೆ.

ಆ ರಾತ್ರಿ ಮಗಳ ಕೆಲಸ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಇಪ್ಪತ್ತು ಹೊಸ ಹೆಸರುಗಳು ಸಾಲಾಗಿ ನಿಂತಿದ್ದವು. ಮೊದಲೆಲ್ಲ ಈ ಯಂತ್ರಗಳನ್ನು ಕೈಯಿಂದಲೇ ಸಿದ್ಧಪಡಿಸುತ್ತಿದ್ದವರು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿದೆ. ಇಬ್ಬರು ಹೊಸ ಕೆಲಸ ಕಲಿತು ತನ್ನ ತಂಡದಲ್ಲೇ ಇದ್ದಾರೆ ಎಂದಳು. ಉಳಿದವರ ವಿಷಯ ಯೋಚಿಸಿದಳು, ಹೆಸರುಗಳನ್ನು ನೆನಪು ಮಾಡಿಕೊಂಡಳು. ಗೊತ್ತಿಲ್ಲವೆಂದು ಒಪ್ಪಿಕೊಂಡು, ನಾಳೆ ವಿಚಾರಿಸುವುದಾಗಿ ಹೇಳಿದಳು. ಮರುದಿನ ಸಂಜೆ ಬಂದವಳೇ ಮೊದಲು ಹೇಳಿದ್ದು ಅದನ್ನೇ: ಒಬ್ಬರ ಫೋನ್ ನಂಬರು ಸಿಕ್ಕಿತ್ತು, ಮಾತನಾಡಿದ್ದಳು. ನಾನು ಆ ವಯಸ್ಸಿನಲ್ಲಿ ಅಷ್ಟನ್ನೂ ಮಾಡಿರಲಿಲ್ಲ.